ಹೆಡ್‌ಫೋನ್ ಹಾಕಿಕೊಂಡು ಮತ್ತೆ ಹಾಫ್-ಲೈಫ್

2001ರ ಬೇಸಿಗೆ ರಜೆ, ಶಿವಮೊಗ್ಗದಲ್ಲಿ ದೊಡ್ಡಪ್ಪನ ಮನೆ. ಕಂಪ್ಯೂಟರ್ ಇದ್ದದ್ದು ಅಜ್ಜಿ ಮಲಗುವ ರೂಮಿನಲ್ಲಿ. ರಾತ್ರಿ ಅಜ್ಜಿಗೆ ನಿದ್ದೆ ಹತ್ತಿದ ಮೇಲೆ ಅಣ್ಣ ಸ್ಪೀಕರ್ ವೈರು ಕಿತ್ತಿಡುತ್ತಿದ್ದ. ಆಮೇಲೆ ಹಾಫ್-ಲೈಫ್ ಅನ್ನುವ ಶೂಟಿಂಗ್ ಗೇಮ್ ಶುರು. ಅವನ ಕೈಯಲ್ಲಿ ಮೌಸ್, ನನ್ನ ಕೈಯಲ್ಲಿ ಕೀಬೋರ್ಡ್. ಆಡಿದಷ್ಟು ದಿನವೂ ಹಾಗೇ ಮೂಕಿಯಾಗಿ ಆಡಿದೆವು.

ಬ್ಲಾಸ್ಟ್ ಪಿಟ್ ಅನ್ನುವ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡೆವು. ರಾಕೆಟ್ ಎಂಜಿನ್ ಪರೀಕ್ಷೆ ಮಾಡುವ ಜಾಗ ಅದು, ಬಾವಿಯ ಹಾಗೆ ಆಳ. ಒಳಗಿನಿಂದ ಉದ್ದ ಕತ್ತಿನ, ಕೊಕ್ಕಿನ ಮೂರು ಜಂತುಗಳು ಮೇಲೆದ್ದು ಕುಕ್ಕುತ್ತವೆ. ಗುಂಡು ಹೊಡೆದರೆ ಸಾಯುವುದಿಲ್ಲ. ನಾವು ಓಡಿದೆವು, ಸತ್ತೆವು, ಮತ್ತೆ ಓಡಿದೆವು. ರಜೆ ಮುಗಿಯಿತು.

2023ರ ನವೆಂಬರಿನಲ್ಲಿ ಹಾಫ್-ಲೈಫ್‌ಗೆ 25 ವರ್ಷ ತುಂಬಿತು. ಆಟ ಮಾಡಿದ ವಾಲ್ವ್ ಕಂಪನಿ ಆಗ ದೊಡ್ಡ ಅಪ್‌ಡೇಟ್ ಕೊಟ್ಟಿತು. ಕೆಲವು ದಿನ ಆಟವನ್ನು ಫ್ರೀಯಾಗಿಯೂ ಹಂಚಿತು. ಅವರದೇ ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್‌ನಲ್ಲಿ ತೆಗೆದುಕೊಂಡು ಸುಮ್ನೆ ಇಟ್ಟಿದ್ದೆ. ಕಳೆದ ತಿಂಗಳು ಬೆಂಗಳೂರಿನ ನಮ್ಮ ಮನೆಯಲ್ಲಿ, ಮಗು ಮಲಗಿದ ಮೇಲೆ ತೆರೆದೆ. ಈ ಸಲ ಹೆಡ್‌ಫೋನ್ ಇತ್ತು.

ಮೊದಲ ಐದು ನಿಮಿಷ ಟ್ರಾಮ್ ಪ್ರಯಾಣ. ನ್ಯೂ ಮೆಕ್ಸಿಕೋದ ಮರುಭೂಮಿಯ ಕೆಳಗೆ ಬ್ಲ್ಯಾಕ್ ಮೀಸಾ ಅನ್ನುವ ಸಂಶೋಧನಾ ಕೇಂದ್ರ ಇದೆ. ನಾವು ಆಡುವ ಪಾತ್ರ, ವಿಜ್ಞಾನಿ ಗಾರ್ಡನ್ ಫ್ರೀಮನ್ ಅಲ್ಲಿಗೆ ಕೆಲಸಕ್ಕೆ ಹೊರಟಿದ್ದಾನೆ. ಸಣ್ಣವಳಿದ್ದಾಗ ಇದು ಯಾವಾಗ ಮುಗಿಯುತ್ತೋ ಅನ್ನಿಸುತ್ತಿತ್ತು. ಈಗ ಗೊತ್ತಾಯಿತು, ಅಷ್ಟು ಹೊತ್ತೂ ಒಂದು ಹೆಣ್ಣುದನಿ ಮಾತಾಡುತ್ತಿರುತ್ತದೆ. ಸಮಯ ಬೆಳಗ್ಗೆ 8:47. ಹೊರಗೆ 93 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹತ್ತಿರ ಹತ್ತಿರ 34 ಸೆಲ್ಸಿಯಸ್. ದಿನಾ ಇದನ್ನು ಕೇಳಿಸಿಕೊಂಡೇ ಜನ ಇಲ್ಲಿ ಕೆಲಸಕ್ಕೆ ಬರುತ್ತಾರೆ ಅಂತ ನಂಬಿಕೆ ಬಂದುಬಿಡುತ್ತದೆ. ಮುಂದೆ ಆ ಜಾಗವೇ ಒಡೆದು ಬೀಳುವಾಗ ಹೊಟ್ಟೆ ಕಿವುಚಿದಂತಾಗುವುದು ಅದಕ್ಕೇ.

ಚಿತ್ರ ಹಳೆಯದಾಗಿದೆ, ನಿಜ. ವಿಜ್ಞಾನಿಗಳಿಗೆಲ್ಲ ಅದೇ ಮೂರ್ನಾಲ್ಕು ಮುಖ. ಸದ್ದು ಮಾತ್ರ ಒಂದು ಚೂರೂ ಹಳಸಿಲ್ಲ. ತಲೆಗೇ ಎಗರುವ ಹೆಡ್‌ಕ್ರ್ಯಾಬ್ ಅನ್ನುವ ಜಂತು ಹಾರುವ ಮೊದಲು ಕಿರುಚುತ್ತದೆ. ಆ ಒಂದು ಕ್ಷಣ ಸಾಕು, ಪಕ್ಕಕ್ಕೆ ಸರಿಯಬಹುದು. ವಿಕಿರಣ ಇರುವ ಕಡೆ ಗೈಗರ್ ಕೌಂಟರ್ ಟಿಕ್ ಟಿಕ್ ಅನ್ನುತ್ತದೆ. ದೊಡ್ಡ ಹಾಲಿನಲ್ಲಿ ಗುಂಡಿನ ಸದ್ದು ಮೊಳಗುತ್ತದೆ, ಪೈಪಿನೊಳಗೆ ಹೆಜ್ಜೆ ಸಪ್ಪಳವೇ ಬೇರೆ. ಸೈನಿಕರು ಗೋಡೆಯಾಚೆ ರೇಡಿಯೋದಲ್ಲಿ ಮಾತಾಡಿಕೊಳ್ಳುತ್ತಾರೆ. ಅದನ್ನು ಕೇಳಿದರೆ ಯಾವ ಕಡೆಯಿಂದ ಬರುತ್ತಿದ್ದಾರೆ ಅಂತ ಅಂದಾಜು ಸಿಗುತ್ತದೆ. ಡಬ್ಬಿಯ ಹಿಂದೆ ಅಡಗಿ ಕೂತರೆ ಗ್ರೆನೇಡ್ ಎಸೆದು ಎಬ್ಬಿಸುತ್ತಾರೆ. ಅವರು ಮೋಸ ಮಾಡಿ ನಮ್ಮನ್ನು ಕೊಲ್ಲುತ್ತಾರೆ ಅಂತ ಆಗ ಅಣ್ಣ ಬೈಯುತ್ತಿದ್ದ. ಪಾಪ, ಅವರು ಹೇಳಿಯೇ ಬರುತ್ತಿದ್ದರು. ನಮಗೇ ಕೇಳಿಸುತ್ತಿರಲಿಲ್ಲ.

ಕೊನೆಗೆ ಬ್ಲಾಸ್ಟ್ ಪಿಟ್. ಬಾಗಿಲ ಹತ್ತಿರ ಹೋಗುವಾಗಲೇ ಲೋಹದ ಮೇಲೆ ಠಣ್ ಠಣ್ ಬಡಿಯುವ ಸದ್ದು. ನನ್ನ ಕೈ ತಣ್ಣಗಾಯಿತು. ಆ ಜಂತುಗಳು ನಮ್ಮನ್ನು ನೋಡುವುದೇ ಇಲ್ಲ. ಸದ್ದು ಬಂದ ಕಡೆ ಕುಕ್ಕುತ್ತವೆ, ಅಷ್ಟೇ. ಕೂತು ಮೆಲ್ಲಗೆ ಸರಿದರೆ ತಲೆಯ ಪಕ್ಕದಲ್ಲೇ ಕೊಕ್ಕು ಹಾದುಹೋಗುತ್ತದೆ, ನಮಗೆ ಏನೂ ಆಗುವುದಿಲ್ಲ. ದೂರಕ್ಕೆ ಗ್ರೆನೇಡ್ ಎಸೆದರೆ ಮೂರೂ ಅತ್ತ ತಿರುಗುತ್ತವೆ. ಅಷ್ಟರಲ್ಲಿ ದಾಟಿಬಿಡಬೇಕು. ಆಮ್ಲಜನಕ, ಇಂಧನ, ಕರೆಂಟು, ಮೂರನ್ನೂ ಚಾಲೂ ಮಾಡಿ ಬಂದು ಮೇಲಿನ ಕೋಣೆಯಲ್ಲಿ ಬಟನ್ ಒತ್ತಿದರೆ ಎಂಜಿನ್ ಹೊತ್ತಿಕೊಂಡು ಅವನ್ನು ಸುಡುತ್ತದೆ. ನಾನು ಹೆಡ್‌ಫೋನ್ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಟ ನಮ್ಮ ಕಿವಿಯನ್ನು ಇಷ್ಟು ನಂಬಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎಲ್ಲಾ ಕಡೆ ಹೀಗೇ ಇಲ್ಲ. ಆನ್ ಎ ರೈಲ್ ಅಧ್ಯಾಯ ಎಳೆದಾಡುತ್ತದೆ, ಒಂದೇ ಥರದ ಸುರಂಗಗಳು, ದಾರಿ ತಪ್ಪುತ್ತದೆ. ಕೊನೆಯ ಝೆನ್ ಲೋಕದಲ್ಲಿ ಗಾಳಿಯಲ್ಲಿ ತೇಲುವ ಬಂಡೆಯಿಂದ ಬಂಡೆಗೆ ಜಿಗಿಯಬೇಕು. ಎಷ್ಟು ಸಲ ಕೆಳಗೆ ಬಿದ್ದೆನೋ. F6 ಒತ್ತಿ ಆಗಾಗ ಸೇವ್ ಮಾಡಿಕೊಳ್ಳಿ. 2020ರಲ್ಲಿ ಪೂರ್ತಿಯಾಗಿ ಬಂದ ಬ್ಲ್ಯಾಕ್ ಮೀಸಾ ಎಂಬ ಮರುಸೃಷ್ಟಿಯಲ್ಲಿ ಝೆನ್ ಜಾಸ್ತಿ ಚೆನ್ನಾಗಿದೆ, ನೋಡಲೇಬೇಕು. ಆದರೂ ಮೊದಲ ಸಲ ಆಡುವವರು 1998ರ ಹಳೆಯದರಿಂದಲೇ ಶುರು ಮಾಡಿ ಅಂತೀನಿ. ಇಂದಿನ ಅಗಲವಾದ ಸ್ಕ್ರೀನಿಗೂ ಈಗ ಸರಿಯಾಗಿ ಹೊಂದುತ್ತದೆ. ದುಬಾರಿ ಕಂಪ್ಯೂಟರ್ ಬೇಡ. ಒಂದು ಒಳ್ಳೆಯ ಹೆಡ್‌ಫೋನ್ ಮಾತ್ರ ಬೇಕೇ ಬೇಕು.

ಮರುದಿನ ಅಣ್ಣನಿಗೆ ಫೋನ್ ಮಾಡಿದೆ. "ಅಣ್ಣಾ, ಅದಕ್ಕೆ ಕಣ್ಣೇ ಇಲ್ಲ ಕಣೋ. ಬರೀ ಸದ್ದು ಕೇಳುತ್ತೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೌದೇನೇ? ಮತ್ತೆ ನಾವು ಅಷ್ಟೊಂದು ಓಡಿದ್ವಲ್ಲೇ!"

ಭಾನುವಾರ ಬರುತ್ತಾನಂತೆ. ಬ್ಲಾಸ್ಟ್ ಪಿಟ್ ಬಾಗಿಲಲ್ಲಿ ಅವನಿಗೆ ಅಂತಲೇ ಒಂದು ಸೇವ್ ಇಟ್ಟಿದ್ದೇನೆ.