ಬಿಡುಗಡೆಯ ದಿನ ಕುಡಿದ ಗ್ಲಾಸನ್ನು ನಂಬಿ ಪೆಟ್ಟಿಗೆಗಟ್ಟಲೆ ಬಿಯರ್ ಕೊಳ್ಳಬೇಡಿ

ದೊಡ್ಡ ಬಿಯರ್ ಕಂಪನಿಯೊಂದು ‘ಕ್ರಾಫ್ಟ್ ಶೈಲಿ’ (ಸಣ್ಣ ತಯಾರಕರು ಮಾಡುವ ಬಗೆ) ಎಂದು ಹೇಳಿಕೊಂಡು ತಂದ ಐಪಿಎಯನ್ನು (ಹಾಪ್ಸ್ ಹೂವಿನ ಘಮ, ಕಹಿ ಎದ್ದು ಕಾಣುವ ಇಂಡಿಯಾ ಪೇಲ್ ಏಲ್ ಎಂಬ ಬಿಯರನ್ನು) ನಾನು ಮನಸಾರೆ ಹೊಗಳಿ ಬರೆದಿದ್ದೆ. ನನ್ನ ಮಾತು ನಂಬಿ ಐವರು ಗೆಳೆಯರು ತಲಾ ಇಪ್ಪತ್ತನಾಲ್ಕು ಬಾಟಲಿಗಳ ಪೆಟ್ಟಿಗೆ ಕೊಂಡರು. ನಾನೂ ಒಂದು ಕೊಂಡೆ. ಆ ಪೆಟ್ಟಿಗೆಗಳಲ್ಲಿ ಇದ್ದದ್ದು ನಾನು ಹೊಗಳಿದ ಬಿಯರ್ ಆಗಿರಲಿಲ್ಲ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ, ಮತ್ತೊಬ್ಬರು ನಮ್ಮಂತೆ ಕೈ ಸುಟ್ಟುಕೊಳ್ಳಬಾರದು. ಅದಕ್ಕಾಗಿ ಈ ಬರಹ.

ಬಿಡುಗಡೆ ನಡೆದದ್ದು ಫೆಬ್ರುವರಿಯ ಕೊನೆಯಲ್ಲಿ. ಬಿಯರ್ ಎಂದರೆ ಪ್ರಾಣ ಬಿಡುವ ಮೂವತ್ತು ಮಂದಿಯನ್ನು ಕರೆದಿದ್ದರು. ತಯಾರಿಸಿದವರೇ ಎದುರು ನಿಂತು ತಣ್ಣನೆಯ ಕೆಗ್‌ನಿಂದ ಗ್ಲಾಸಿಗೆ ತುಂಬಿಸಿ ಕೊಟ್ಟರು. ಮೂಗಿನ ಹತ್ತಿರ ತಂದರೆ ಕಿತ್ತಳೆ ಸಿಪ್ಪೆಯನ್ನು ಆಗತಾನೇ ಹಿಂಡಿದ ಘಮ, ಅದರ ಹಿಂದೆ ಎಳೆಯ ಪೈನ್ ಚಿಗುರಿನ ವಾಸನೆ. ಕಹಿ ಇತ್ತು, ಆದರೆ ನಾಲಗೆಯ ಮೇಲೆ ಕೂರದೆ ಜಾರಿಹೋಗುತ್ತಿತ್ತು. ಹುದುಗುವಿಕೆ ಮುಗಿದ ಮೇಲೆ ಹಾಪ್ಸ್ ಹೂವನ್ನು ತಣ್ಣನೆಯ ಬಿಯರಿನಲ್ಲೇ ನೆನೆಹಾಕುವ ಡ್ರೈ ಹಾಪಿಂಗ್ ಅನ್ನು ಅವರು ಚೆನ್ನಾಗಿಯೇ ಮಾಡಿದ್ದರು. ಇದನ್ನು ಇವತ್ತಿಗೂ ಅಲ್ಲಗಳೆಯಲಾರೆ.

ಕೋಣೆಯಲ್ಲಿ ಮಾತ್ರ ಎರಡು ಗುಂಪಾಗಿತ್ತು. ಕೆಲವರು ಗ್ಲಾಸನ್ನು ಮುಟ್ಟುವುದಕ್ಕೂ ಒಪ್ಪಲಿಲ್ಲ. ‘ಸಣ್ಣ ತಯಾರಕರು ಬೆವರು ಸುರಿಸಿ ಕಟ್ಟಿದ ಹೆಸರನ್ನು ಇವರು ಲೇಬಲ್ಲಿಗೆ ಅಂಟಿಸಿಕೊಂಡಿದ್ದಾರೆ’ ಎಂಬುದು ಅವರ ಸಿಟ್ಟು. ಆ ಸಿಟ್ಟಿಗೆ ಆಧಾರವಿದೆ. 1995ರಲ್ಲಿ ಅಮೆರಿಕದ ದೊಡ್ಡ ಬಿಯರ್ ಕಂಪನಿ ಕೂರ್ಸ್ ‘ಬ್ಲೂ ಮೂನ್’ ಎಂಬ ಬಿಯರ್ ತಂದಾಗ ಲೇಬಲ್ಲಿನಲ್ಲಿ ತನ್ನ ಹೆಸರಿನ ಬದಲು ಬ್ಲೂ ಮೂನ್ ಬ್ರೂವಿಂಗ್ ಕಂಪನಿ ಎಂಬ ಹೆಸರಿತ್ತು. 2015ರಲ್ಲಿ ಕ್ಯಾಲಿಫೋರ್ನಿಯಾದ ಗ್ರಾಹಕರೊಬ್ಬರು ಇದು ದಾರಿ ತಪ್ಪಿಸುವ ಕೆಲಸವೆಂದು ದಾವೆ ಹೂಡಿದರು, ನ್ಯಾಯಾಲಯ ಅದನ್ನು ವಜಾ ಮಾಡಿತು. ಅದೇ ವರ್ಷ ಬಡ್ವೈಸರ್ ಅಮೆರಿಕನ್ ಫುಟ್ಬಾಲಿನ ಫೈನಲ್ ಆದ ಸೂಪರ್ ಬೌಲ್ ವೇಳೆಯ ತನ್ನ ಜಾಹೀರಾತಿನಲ್ಲಿ, ಕುಂಬಳ ಮತ್ತು ಪೀಚ್ ಹಣ್ಣು ಹಾಕಿದ ಪಂಪ್ಕಿನ್ ಪೀಚ್ ಏಲ್ ಎಂಬ ಕ್ರಾಫ್ಟ್ ಬಿಯರ್ ಕುಡಿಯುವವರನ್ನು ಲೇವಡಿ ಮಾಡಿತು. ಅದಕ್ಕೆ ಕೆಲವೇ ದಿನ ಮೊದಲು ಅದರ ಮಾತೃಸಂಸ್ಥೆ ಎಲಿಸಿಯನ್ ಎಂಬ ಸಣ್ಣ ಬ್ರೂವರಿಯನ್ನು ಕೊಳ್ಳುವುದಾಗಿ ಪ್ರಕಟಿಸಿತ್ತು. ಆ ಎಲಿಸಿಯನ್ ಅಂಥದೇ ಪಂಪ್ಕಿನ್ ಪೀಚ್ ಬಿಯರ್ ಮಾಡಿದ್ದ ಬ್ರೂವರಿ! ಇದನ್ನೆಲ್ಲ ಕಂಡವರಿಗೆ ‘ಕ್ರಾಫ್ಟ್ ಶೈಲಿ’ ಎಂಬ ಮಾತು ಕಿವಿಗೆ ಬಿದ್ದರೆ ಮೈ ಉರಿಯುವುದು ಸಹಜ.

ಇನ್ನೊಂದು ಗುಂಪಿನವರದು ‘ಯಾರು ಮಾಡಿದರೇನು, ಗ್ಲಾಸಿನಲ್ಲಿ ಏನಿದೆ ನೋಡಿ’ ಎಂಬ ವಾದ. ನಾನು ಆ ಕಡೆಗಿದ್ದೆ. ಎರಡೂ ಕಡೆ ಸೇರದ ಹಿರಿಯರೊಬ್ಬರು ಮೂಲೆಯಲ್ಲಿ ಕೂತಿದ್ದರು. ನಲವತ್ತು ವರ್ಷ ಬಿಯರ್ ಕಂಡವರು. ಹೊರಡುವಾಗ ನನ್ನ ಭುಜ ಮುಟ್ಟಿ, ‘ಬಿಯರ್ ಚೆನ್ನಾಗಿದೆ. ಆದರೆ ಅಂಗಡಿಯ ಕಪಾಟಿನಿಂದ ಒಂದು ತೆಗೆದು ಕುಡಿಯುವ ತನಕ ಏನೂ ಬರೆಯಬೇಡಿ’ ಎಂದರು. ಅವರ ಮಾತನ್ನು ಕೇಳಬೇಕಿತ್ತು. ನಾನು ಅದೇ ರಾತ್ರಿ ಕೂತು ಬರೆದೆ.

ಅಂಗಡಿಗಳಿಗೆ ಅದು ಬಂದದ್ದು ಜುಲೈ ಕೊನೆಯ ವಾರ. ಬೆಲೆ ಆ ಕಂಪನಿಯ ಮಾಮೂಲಿ ಲಾಗರ್ ಬಿಯರಿಗಿಂತ ಬಹಳ ಹೆಚ್ಚು. ಮನೆಗೆ ತಂದು, ತಣ್ಣಗೆ ಮಾಡಿ, ಮೊದಲನೆಯದನ್ನು ತೆರೆದಾಗಲೇ ಏನೋ ತಪ್ಪಿದೆ ಎನಿಸಿತು. ಬಿಡುಗಡೆಯ ದಿನ ಎಲ್ಲರಿಗೂ ಕೊಟ್ಟ ಬಾಟಲಿಯೊಂದು ಅಂದಿನಿಂದ ನನ್ನ ಫ್ರಿಜ್ಜಿನಲ್ಲೇ ಇತ್ತು. ಅದನ್ನೂ ತೆರೆದು ಎರಡನ್ನೂ ಒಂದೇ ಬಗೆಯ ಗ್ಲಾಸಿಗೆ ಸುರಿದು ಕಿಟಕಿಯ ಬೆಳಕಿಗೆ ಹಿಡಿದೆ. ಫ್ರಿಜ್ಜಿನದು ಹೊಂಬಣ್ಣ, ಅಂಗಡಿಯದು ಬೆಂದ ಸಕ್ಕರೆಯ ಕಡೆಗೆ ವಾಲಿದ ಕಂದು. ಫ್ರಿಜ್ಜಿನದರಲ್ಲಿ ಘಮ ತಗ್ಗಿದ್ದರೂ ಕಿತ್ತಳೆ ಇನ್ನೂ ಉಳಿದಿತ್ತು. ಅಂಗಡಿಯದರಲ್ಲಿ ಮಳೆಯಲ್ಲಿ ನೆಂದು ಒಣಗಿದ ರಟ್ಟಿನ ವಾಸನೆ, ಹಳೆಯ ಜೇನಿನ ಮೊಂಡು ಸಿಹಿ. ಕಹಿಯೊಂದೇ ಉಳಿದಿತ್ತು, ಅದೂ ಗಂಟಲಿಗೆ ಅಂಟಿಕೊಳ್ಳುವ ಒರಟು ಕಹಿ.

ಬಾಟಲಿಯ ಕತ್ತಿನ ಮೇಲೆ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಮುದ್ರಿಸಿದ ಅಂಕಿಗಳಿದ್ದವು. ಫ್ರಿಜ್ಜಿನದಕ್ಕೆ 0474, ಅಂಗಡಿಯದಕ್ಕೆ 0514. ಮೊದಲ ಮೂರು ಅಂಕಿ ವರ್ಷದ ಎಷ್ಟನೆಯ ದಿನ ತುಂಬಿದ್ದು ಎಂಬುದನ್ನೂ ಕೊನೆಯದು ವರ್ಷವನ್ನೂ ಹೇಳುತ್ತದೆ. ಅಂದರೆ ಒಂದು ಫೆಬ್ರುವರಿ 16ರದು, ಇನ್ನೊಂದು ಫೆಬ್ರುವರಿ 20ರದು. ನಾಲ್ಕೇ ದಿನದ ಅಂತರ! ಅಂಗಡಿಯದು ಐದು ತಿಂಗಳು ಗೋದಾಮು, ಲಾರಿ, ಮತ್ತೆ ಗೋದಾಮು ಎಂದು ಬಿಸಿಯಲ್ಲಿ ಸುತ್ತಿ ಬಂದಿತ್ತು.

ಬಿಯರಿಗೆ ಬಿಸಿ ತಗುಲಿದರೆ ಏನಾಗುತ್ತದೆ ಎಂಬುದು ಗುಟ್ಟೇನಲ್ಲ. ಹಾಪ್ಸಿನ ಘಮ ಕೊಡುವ ಎಣ್ಣೆಗಳು ಮೊದಲು ಸೋಲುತ್ತವೆ. ಟ್ರಾನ್ಸ್-2-ನೊನೆನಾಲ್ ಎಂಬ ವಸ್ತು ತಲೆ ಎತ್ತುತ್ತದೆ, ಒಂದು ಲೀಟರಿನಲ್ಲಿ ಮೈಕ್ರೋಗ್ರಾಮಿನ ಹತ್ತನೇ ಒಂದು ಭಾಗದಷ್ಟಿದ್ದರೂ ಸಾಕು, ಮೂಗಿಗೆ ರಟ್ಟು ಬಡಿಯುತ್ತದೆ. ಬಿಯರ್ ವೃತ್ತಿಯವರಲ್ಲಿ 3-30-300 ಎಂಬ ಲೆಕ್ಕವಿದೆ: 32 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 3 ದಿನಕ್ಕೆ ಆಗುವ ಹಾಳು, 22 ಡಿಗ್ರಿಯಲ್ಲಿ 30 ದಿನಕ್ಕೆ, 3 ಡಿಗ್ರಿಯ ತಂಪಿನಲ್ಲಿ 300 ದಿನಕ್ಕೆ ಆಗುತ್ತದೆ. ಒರಟು ಅಂದಾಜು ನಿಜ, ಆದರೆ ನನ್ನ ಎರಡು ಗ್ಲಾಸುಗಳು ಹೇಳಿದ್ದೂ ಅದನ್ನೇ.

ನನಗೆ ನೋವಾದದ್ದು ಇಲ್ಲಿ. ತೊಟ್ಟಿಯಲ್ಲಿ ನಡೆದ ಕೆಲಸ ಅಚ್ಚುಕಟ್ಟಾಗಿತ್ತು. ಬಾಟಲಿ ತುಂಬುವಾಗ ಆಮ್ಲಜನಕ ಒಳಹೋಗದಂತೆ ತಡೆಯುವುದರಲ್ಲಿ ದೊಡ್ಡ ಕಂಪನಿಗಳು ಅನೇಕ ಸಣ್ಣವರಿಗಿಂತ ಮುಂದಿವೆ. ಆದರೆ ಅವರ ಸಾಗಾಟದ ವ್ಯವಸ್ಥೆ ಇರುವುದು ತಿಂಗಳುಗಟ್ಟಲೆ ತಾಳಿಕೊಳ್ಳುವ, ಹಾಪ್ಸ್ ಕಡಿಮೆ ಇರುವ ಲಾಗರಿಗಾಗಿ. ಘಮವೇ ಜೀವಾಳವಾದ ಐಪಿಎಯನ್ನು ಅದೇ ಲಾರಿಗೆ ಏರಿಸಿ, ಅದೇ ಗೋದಾಮಿನಲ್ಲಿ ಕೂಡಿಹಾಕಿದರು. ಸಣ್ಣ ಬ್ರೂವರಿಗಳ ಬಿಯರೂ ಹೀಗೆ ಕೆಡುತ್ತದೆ, ಕೆಟ್ಟದ್ದನ್ನು ಕುಡಿದೂ ಇದ್ದೇನೆ. ಆದರೆ ಕೈಯಲ್ಲಿ ಹಣ, ಯಂತ್ರ, ಪ್ರಯೋಗಾಲಯ ಎಲ್ಲವೂ ಇರುವವರು ತಂಪು ಲಾರಿಯೊಂದರ ಖರ್ಚು ಉಳಿಸಿ, ತಾವೇ ಮಾಡಿದ ಒಳ್ಳೆಯ ಬಿಯರನ್ನು ದಾರಿಯಲ್ಲಿ ಸಾಯಿಸಿದ್ದನ್ನು ಕ್ಷಮಿಸಲು ನನಗೆ ಆಗುತ್ತಿಲ್ಲ.

ಕಂಪನಿಗೆ ಬರೆದೆ. ಎರಡೂ ಬಾಟಲಿಗಳ ಅಂಕಿ, ಎರಡೂ ಗ್ಲಾಸುಗಳ ಫೋಟೋ ಕಳುಹಿಸಿದೆ. ಹನ್ನೊಂದು ದಿನಗಳ ನಂತರ ಮೂರು ಸಾಲಿನ ಉತ್ತರ ಬಂತು: ‘ಬಳಕೆಯ ಅವಧಿ ಮುಗಿಯಲು ಇನ್ನೂ ಸುಮಾರು ನಾಲ್ಕು ತಿಂಗಳಿದೆ, ಉತ್ಪನ್ನ ನಿಗದಿತ ಗುಣಮಟ್ಟದಲ್ಲೇ ಇದೆ.’ ಹಣ ವಾಪಸಿನ ಮಾತೇ ಇಲ್ಲ. ಅಂಗಡಿಯವರೂ ಒಡೆದ ಪೆಟ್ಟಿಗೆಯನ್ನು ತೆಗೆದುಕೊಳ್ಳಲಿಲ್ಲ.

ಆದ್ದರಿಂದ ದಯವಿಟ್ಟು, ಲೇಬಲ್ಲಿನಲ್ಲಿ ದಪ್ಪಗೆ ಬರೆದ ‘ಇಷ್ಟರೊಳಗೆ ಬಳಸಿ’ ದಿನಾಂಕಕ್ಕೆ ಮರುಳಾಗಬೇಡಿ. ಅದು ಬಿಯರ್ ಕುಡಿಯಬಹುದು ಎನ್ನುತ್ತದೆಯೇ ಹೊರತು ಘಮ ಉಳಿದಿದೆ ಎನ್ನುವುದಿಲ್ಲ. ಬಾಟಲಿಗೆ ತುಂಬಿದ ದಿನಾಂಕ ಹುಡುಕಿ. ಕತ್ತಿನಲ್ಲಿ, ಕ್ಯಾನ್ ಆದರೆ ತಳದಲ್ಲಿ ಇರುತ್ತದೆ. ಐಪಿಎ ಆದರೆ ಎರಡು ತಿಂಗಳಿಗಿಂತ ಹಳೆಯದನ್ನು ನಾನು ಇನ್ನು ಮುಟ್ಟುವುದಿಲ್ಲ. ತಂಪು ಕಪಾಟಿನಲ್ಲಿಟ್ಟಿದ್ದನ್ನೇ ಕೇಳಿ. ಪಾರದರ್ಶಕ ಅಥವಾ ಹಸಿರು ಗಾಜಿನದು ಬೆಳಕಿಗೆ ಬಿದ್ದಿದ್ದರೆ ಬಿಟ್ಟುಬಿಡಿ, ಬಿಸಿಲಿಗೆ ಅದು ನಿಮಿಷಗಳಲ್ಲೇ ನಾರುತ್ತದೆ. ಮೊದಲು ಒಂದೇ ಒಂದು ಬಾಟಲಿ ಕೊಂಡು ಕುಡಿದು ನೋಡಿ. ತಯಾರಕರು ಯಾರೆಂಬುದು ಮುಖ್ಯ ಎನ್ನುವವರು ಲೇಬಲ್ಲಿನ ವಿಳಾಸದ ಸಾಲನ್ನು ಓದಿ. ಅಮೆರಿಕದ ಬಿಯರಾದರೆ 2017ರಿಂದ ಸ್ವತಂತ್ರ ಬ್ರೂವರಿಗಳು ಬಳಸುವ ತಲೆಕೆಳಗಾದ ಬಾಟಲಿಯ ಮುದ್ರೆ ಇದೆಯೇ ನೋಡಿ.

ಹೊಗಳಿಕೆ ಓದುವಾಗಲೂ ಒಂದು ಪ್ರಶ್ನೆ ಕೇಳಿ: ಇವರು ಇದನ್ನು ಎಲ್ಲಿ, ಯಾವಾಗ, ಯಾರ ಕೈಯಿಂದ ಕುಡಿದರು? ಕಂಪನಿಯೇ ಕರೆದು ಪುಕ್ಕಟೆಯಾಗಿ ಕೊಟ್ಟ, ಕೆಲವೇ ದಿನಗಳ ಹಿಂದೆ ತಯಾರಾದ ಬಿಯರ್ ಅದು ಎಂಬುದನ್ನು ನಾನು ಬರೆದಿರಲಿಲ್ಲ. ಮುಚ್ಚಿಡುವ ಉದ್ದೇಶ ಇರಲಿಲ್ಲ, ಅದು ಮುಖ್ಯ ಎಂದು ಹೊಳೆದಿರಲಿಲ್ಲ. ಹಳೆಯ ಬರಹದ ತಲೆಗೆ ಈಗ ಅದನ್ನು ಸೇರಿಸಿದ್ದೇನೆ.

ಐವರು ಗೆಳೆಯರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ. ನಾಲ್ವರು ಆಗಲೇ ಅರ್ಧ ಪೆಟ್ಟಿಗೆ ಖಾಲಿ ಮಾಡಿದ್ದರು. ಅವರಲ್ಲಿ ಒಬ್ಬರು ‘ನೀವು ಹೇಳಿದ್ದೀರೆಂದು ನನ್ನ ನಾಲಗೆಯೇ ಸರಿಯಿಲ್ಲ ಅಂದುಕೊಂಡೆ’ ಎಂದಾಗ ಏನು ಹೇಳಬೇಕೋ ತೋಚಲಿಲ್ಲ. ಐದನೆಯವರು ಪೆಟ್ಟಿಗೆಯನ್ನು ಇನ್ನೂ ಒಡೆದಿರಲಿಲ್ಲ, ಮಗಳ ಮದುವೆಗೆಂದು ಎತ್ತಿಟ್ಟಿದ್ದರು. ಒಂದು ಬಾಟಲಿ ಹೊರತೆಗೆದು ಕತ್ತಿನ ಅಂಕಿಗಳನ್ನು ಓದಿ ಎಂದೆ. ಕನ್ನಡಕ ಹುಡುಕಿ ತಂದು, ಒಂದೊಂದಾಗಿ ಓದಿದರು: ಸೊನ್ನೆ, ಐದು, ಒಂದು, ನಾಲ್ಕು.