ಗ್ಲಾಡಿಯೇಟರ್ ವೇಷ: ಕಾಸರಗೋಡು ಪೇಟೆಯ ಬಾಡಿಗೆ ಅಂಗಡಿ

ಶಾಲಾ ನಾಟಕಕ್ಕೆ ಈ ಅಂಗಡಿಯ ವೇಷ ತರಬಹುದು, ಆದರೆ ಕೊಟ್ಟ ಹಾಗೇ ಕಟ್ಟಬೇಡಿ. ಸೆಕ್ಯೂಟರ್ (ಪ್ರಾಚೀನ ರೋಮಿನ ಅಖಾಡದಲ್ಲಿ ಕತ್ತಿ, ಗುರಾಣಿ ಹಿಡಿದು ಬಲೆಗಾರನ ಎದುರು ಕಾದಾಡುತ್ತಿದ್ದ ಗ್ಲಾಡಿಯೇಟರ್) ಶಿರಸ್ತ್ರಾಣ ಬಹಳ ಚೆನ್ನಾಗಿದೆ. ಯಕ್ಷಗಾನದ ಕಿರೀಟ ಕಟ್ಟಿ ಪಳಗಿದ ಕೈಯ ಕೆಲಸ. ನುಣುಪಾದ ದುಂಡು ತಲೆ, ಎರಡೇ ಸಣ್ಣ ಕಣ್ಣುತೂತು. ಎದುರಾಳಿಯ ಬಲೆ ಸಿಕ್ಕಿಕೊಳ್ಳಬಾರದು, ತ್ರಿಶೂಲದ ಮೊನೆ ಒಳಹೋಗಬಾರದು ಎಂದೇ ರೋಮನ್ನರು ಹಾಗೆ ಮಾಡುತ್ತಿದ್ದರು. ಒಳಗೆ ಉಸಿರು ಕಟ್ಟುತ್ತದೆ, ಪಕ್ಕಕ್ಕೆ ಏನೂ ಕಾಣದು. ಮಕ್ಕಳಿಗೆ ರಂಗಕ್ಕೆ ಹೋಗುವಾಗಲೇ ತೊಡಿಸಿ.

ಅವನ ಎದುರಾಳಿ, ಬಲೆ ಮತ್ತು ತ್ರಿಶೂಲ ಹಿಡಿಯುವ ರೆಟಿಯಾರಿಯಸ್‌ನ ವೇಷ ಮಾತ್ರ ಪೂರ್ತಿ ತಪ್ಪು. ಅವನು ಬರಿತಲೆಯಲ್ಲೇ ಕಾದಾಡುತ್ತಿದ್ದವನು, ಇವರು ಗರಿಯ ಟೋಪಿ ಕೊಡುತ್ತಾರೆ. ತೋಳಿನ ಪಟ್ಟಿ, ಭುಜದ ತಗಡು ಎರಡನ್ನೂ ಎಡಕ್ಕೇ ಕಟ್ಟಿ. ಬಲೆ ಬೀಸುವ ಬಲಗೈ ಬರಿದಾಗಿರಬೇಕು. ನೈಲಾನ್ ಬಲೆ ತೀರಾ ಹಗುರ, ಮುದ್ದೆಯಾಗಿ ಬೀಳುತ್ತದೆ. ಅಂಚಿಗೆ ಸುತ್ತಲೂ ದಪ್ಪ ಹಗ್ಗ ಹೊಲಿದರೆ ಹರಡಿಕೊಳ್ಳುತ್ತದೆ.