ಐಎಸ್‌ಒ ವೈನ್ ಗ್ಲಾಸು: ಹೋಲಿಸಿ ನೋಡಲು ಇದೇ ಸರಿ, ಎಲ್ಲವನ್ನೂ ಸವಿಯಲು ಸಾಲದು

ನಾಲ್ಕೈದು ಬಗೆಯ ವೈನ್ ಪಕ್ಕಪಕ್ಕ ಇಟ್ಟು ರುಚಿ ನೋಡುವಾಗ ಗ್ಲಾಸುಗಳೆಲ್ಲ ಒಂದೇ ಅಳತೆಯವಾಗಿರಲೇಬೇಕು. ಗ್ಲಾಸಿನ ಆಕಾರ ಬದಲಾದರೆ ಮೂಗಿಗೆ ಬರುವ ಘಮವೂ ಬದಲಾಗುತ್ತದೆ. ಐಎಸ್‌ಒ ಎಂಬ ಅಂತಾರಾಷ್ಟ್ರೀಯ ಮಾನದಂಡ ಸಂಸ್ಥೆಯ 1977ರ 3591ನೇ ಮಾನದಂಡದ ಗ್ಲಾಸು ಇದಕ್ಕೆಂದೇ ರೂಪುಗೊಂಡದ್ದು. ಎತ್ತರ 155 ಮಿ.ಮೀ., ಹೊಟ್ಟೆಯ ಅಗಲ 65, ಬಾಯಿ 46. ಅಂಚಿನವರೆಗೆ ತುಂಬಿದರೆ ಸುಮಾರು 215 ಮಿ.ಲೀ. ಹಿಡಿಯುತ್ತದೆ, ಸುರಿಯಬೇಕಾದ್ದು ಮಾತ್ರ 50. ಮಿಕ್ಕ ಜಾಗವೆಲ್ಲ ಘಮಕ್ಕೆ. ಆಸೆಯಿಂದ 100 ಮಿ.ಲೀ. ಸುರಿದರೆ ಆ ಜಾಗ ಕುಗ್ಗುತ್ತದೆ, ತಿರುಗಿಸಿದರೆ ತುಳುಕುತ್ತದೆ.

ಈ ಹೆಸರಿನಲ್ಲಿ ಮಾರುವುದೆಲ್ಲ ಅಳತೆಗೆ ಸರಿಯಿರುವುದಿಲ್ಲ. ಅಂಚಿನವರೆಗೆ ನೀರು ತುಂಬಿ ತೂಗಿ. ನೀರಿನ ತೂಕವೇ 205ರಿಂದ 225 ಗ್ರಾಂ ಒಳಗಿರಬೇಕು.

ಬಿಳಿ ವೈನ್‌ಗೆ ಈ ಗ್ಲಾಸು ಬಹಳ ಚೆನ್ನ. ಸೋವಿನ್ಯೋ ಬ್ಲಾಂಕ್‌ನ ಹಸಿ ಹುಲ್ಲು, ದೊಣ್ಣೆಮೆಣಸಿನ ವಾಸನೆ, ವಯಸ್ಸಾದ ರೀಸ್ಲಿಂಗ್‌ನ ಸೀಮೆಎಣ್ಣೆಯಂಥ ಘಮ ನೇರ ಮೂಗಿಗೆ ಬರುತ್ತವೆ. ಮೊದಲು ಅಲುಗಿಸದೆ ಮೂಸಿ, ಆಮೇಲೆ ತಿರುಗಿಸಿ ಮೂಸಿ. ಎರಡರ ನಡುವಿನ ವ್ಯತ್ಯಾಸ ಗಮನಿಸುವುದೇ ಅರ್ಧ ಕಲಿಕೆ. ಬಿಳಿ ವೈನ್ 8ರಿಂದ 12 ಡಿಗ್ರಿ ಸೆಲ್ಸಿಯಸ್ ಇರಲಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿದರೆ ಘಮ ಮುಚ್ಚಿಕೊಂಡಿರುತ್ತದೆ.

ಮದ್ಯಸಾರ ಬೆರೆಸಿ ಗಡುಸಾಗಿಸಿದ ಶೆರಿ, ಪೋರ್ಟ್ ವೈನ್‌ಗಳಿಗೂ ಒಪ್ಪುತ್ತದೆ. ಪೋರ್ಟ್‌ನಲ್ಲಿ ಆಲ್ಕೋಹಾಲ್ ಶೇಕಡಾ 20ರ ಆಸುಪಾಸು ಇರುವುದರಿಂದ ಜೋರಾಗಿ ತಿರುಗಿಸಬೇಡಿ, ಮೂಗು ಚುರುಗುಟ್ಟುತ್ತದೆ.

ಸೋಲುವುದು ಪೀನೋ ನ್ವಾರ್, ನೆಬ್ಬಿಯೋಲೋ ಮುಂದೆ. ಈ ಕೆಂಪು ವೈನ್‌ಗಳ ನವಿರಾದ ಘಮ ಅರಳಲು ಗಾಳಿ ತಾಗುವ ಅಗಲವಾದ ಮೇಲ್ಮೈ ಬೇಕು. ಈ ಚಿಕ್ಕ ಹೊಟ್ಟೆಯಲ್ಲಿ ಹುಳಿ, ಒಗರು ಮುಂದೆ ಬಂದು ನಿಲ್ಲುತ್ತವೆ. ಒಗರನ್ನು ಅಳೆಯಬೇಕೆಂದರೆ ಇದು ಲಾಭವೇ, ಮನಸಾರೆ ಸವಿಯಬೇಕೆಂದರೆ 600 ಮಿ.ಲೀ. ಮೇಲ್ಪಟ್ಟ ದೊಡ್ಡ ಗ್ಲಾಸಿಗೆ ಹೋಗಿ. ಗಟ್ಟಿ ಕೆಂಪು ವೈನ್ 16ರಿಂದ 18 ಡಿಗ್ರಿಯಲ್ಲಿರಲಿ. ತೀರಾ ತಣ್ಣಗಿದ್ದರೆ ಒಗರು ಇನ್ನೂ ಒರಟಾಗುತ್ತದೆ. ಗುಳ್ಳೆಯೇಳುವ ವೈನ್‌ನ ಘಮ ಇದರಲ್ಲಿ ಸಿಗುತ್ತದೆ, ಆದರೆ 50 ಮಿ.ಲೀ. ಆಳದಲ್ಲಿ ಗುಳ್ಳೆಗಳ ಸಾಲು ನೋಡಲು ಸಿಗದು.

ಗ್ಲಾಸಿನ ಮೇಲೆ ಹೊರಿಸುವ ಎಷ್ಟೋ ದೂರುಗಳಿಗೆ ತೊಳೆಯುವ ರೀತಿಯೇ ಕಾರಣ. ಸೋಪಿನ ಅಂಶ ಉಳಿದರೆ ಗುಳ್ಳೆಯೇಳುವ ವೈನ್‌ನ ನೊರೆ ಸಾಯುತ್ತದೆ. ಕಪಾಟಿನಲ್ಲಿ ಬೋರಲು ಹಾಕಿಟ್ಟರೆ ಒಳಗೆ ಮುಗ್ಗಲು ವಾಸನೆ ಕೂರುತ್ತದೆ; ಆಮೇಲೆ ಅದನ್ನೇ ಬಿರಡೆ ಕೆಟ್ಟ ವೈನ್‌ನ ಒದ್ದೆ ರಟ್ಟಿನ ವಾಸನೆಯೆಂದು ತಪ್ಪು ತಿಳಿಯುತ್ತೀರಿ. ಅನುಮಾನ ಬಂದರೆ ಖಾಲಿ ಗ್ಲಾಸನ್ನು ಮೂಸಿ, ಒಂದು ಚಮಚ ವೈನ್ ಹಾಕಿ ಗಿರಗಿರನೆ ತಿರುಗಿಸಿ ಚೆಲ್ಲಿ. ಒರೆಸುವಾಗ ಒಂದು ಕೈಯಲ್ಲಿ ಪಾದ, ಇನ್ನೊಂದರಲ್ಲಿ ಹೊಟ್ಟೆ ಹಿಡಿದು ತಿರುಚಬೇಡಿ. ದಂಟು ಹೊಟ್ಟೆಗೆ ಸೇರುವ ಜಾಗದಲ್ಲಿ ಪಟ್ಟನೆ ಮುರಿಯುತ್ತದೆ.